ತೋರಿಸುವ ಮೊದಲು ಅರ್ಜಿ: ರೈತ ಮಾಡಿದ ಸಲಕರಣೆಗೆ ಪೇಟೆಂಟು

ಎರೆ ಹೊಲದಲ್ಲಿ ಕೂರಿಗೆ ಹೂಡಿದವರಿಗೆ ಈ ಕಷ್ಟ ಗೊತ್ತು. ಮಳೆ ಬಿದ್ದು ಎರಡು ಮೂರು ದಿನಕ್ಕೆ ಹದ ನೋಡಿ ಬಿತ್ತಲು ಹೊರಟರೆ ತಾಳಿನ ತೂತಿಗೆ ಹಸಿ ಮಣ್ಣು ಮೆತ್ತಿಕೊಳ್ಳುತ್ತದೆ. ಮೇಲೆ ಬಟ್ಟಲಿಗೆ ಬೀಜ ಬಿಡುತ್ತಲೇ ಇರುತ್ತೇವೆ, ಕೆಳಗೆ ಒಂದು ಸಾಲಿಗೆ ಬೀಜ ಬೀಳುವುದೇ ಇಲ್ಲ. ಗೊತ್ತಾಗುವುದು ಎಂಟು ದಿನದ ಮೇಲೆ, ಸಾಲು ಖಾಲಿ ಕಂಡಾಗ. ಅಷ್ಟರಲ್ಲಿ ಹಸಿ ಆರಿರುತ್ತದೆ. ಮತ್ತೆ ಬಿತ್ತಲು ಮಳೆಯೂ ಇಲ್ಲ, ಬೀಜವೂ ಇಲ್ಲ.

ಗುಂಜಹಳ್ಳಿಯ ನಮ್ಮ ಹೊಲದಲ್ಲಿ ಹೀಗೆ ಎರಡು ವರ್ಷ ತೊಗರಿ ಸಾಲು ತಪ್ಪಿದ ಮೇಲೆ ನಾನು ಒಂದು ಉಪಾಯ ಮಾಡಿದೆ. ಕೂರಿಗೆಗೆ ಸಣ್ಣದೊಂದು ಗಾಲಿ ಕಟ್ಟಿ, ಅದು ಒಂದು ಸುತ್ತು ತಿರುಗಿದಾಗೆಲ್ಲ ತಾಳಿನ ಒಳಗೆ ಒಂದು ತಂತಿ ಮೇಲೆ ಕೆಳಗೆ ಆಡಿ ಮಣ್ಣನ್ನು ದೂಡುವಂತೆ ಮಾಡಿದೆ. ಮೊದಲು ಕಬ್ಬಿಣದ ಸಲಾಕೆ ಹಾಕಿದ್ದೆ. ಅದು ಬಾಗದೆ ಮುರಿಯಿತು. ಬಟ್ಟಲಿಗೆ ಬೀಜ ಬಿಡುವಾಕಿ ನಮ್ಮ ಮನಿಯಾಕಿ. ಆಕಿ ನೋಡಿ, "ಸೈಕಲ್ಲಿನ ಬ್ರೇಕ್ ವಾಯರ್ ಹಾಕ್ರಿ, ಅದು ಬಾಗ್ತದ, ಮುರಿಯಂಗಿಲ್ಲ" ಅಂದಳು. ಹಾಕಿದೆವು. ಆ ವರ್ಷ ಸಾಲು ತಪ್ಪಲಿಲ್ಲ.

ಖುಷಿ ತಡೆಯಲಿಲ್ಲ. 2014ರಲ್ಲಿ ಒಂದು ಮೇಳಕ್ಕೆ ಒಯ್ದು ಎರಡು ದಿನ ತೋರಿಸಿದೆ. ಕೇಳಿದವರಿಗೆಲ್ಲ ಬಿಚ್ಚಿ ಕಟ್ಟಿ ಹೇಳಿಕೊಟ್ಟೆ. ಪೇಪರಿನಲ್ಲಿ ಫೋಟೋ ಸಮೇತ ಬಂತು. ಮೂರು ವರ್ಷ ಕಳೆದ ಮೇಲೆ ಒಂದು ವರ್ಕ್‌ಶಾಪಿನವರು ಅದನ್ನೇ ಬಣ್ಣ ಹಚ್ಚಿ, ತಮ್ಮ ಹೆಸರು ಬರೆದು ಮಾರುವುದನ್ನು ಕಂಡೆ. ಕೇಳಿದರೆ "ನಿಮ್ದು ಅಂತ ಎಲ್ಲಿ ಬರ್ದದ?" ಅಂದರು. ಆಗ ಪೇಟೆಂಟು ಎನ್ನುವ ಮಾತು ಹಿಡಿದು ತಿರುಗಿದೆ. ಒಬ್ಬ ಪೇಟೆಂಟ್ ಏಜೆಂಟರು ನನ್ನ ಮಾತೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಯಜಮಾನ್ರೇ, ಮೇಳದಾಗ ತೋರ್ಸಿದ್ದು ಅರ್ಜಿ ಹಾಕೋಕಿಂತ ಮೊದಲೋ, ಆಮೇಲೋ?" ಅಲ್ಲಿಗೆ ನನ್ನ ಕೇಸು ಮುಗಿಯಿತು. ನಾನು ಕೆಟ್ಟು ಕಲಿತದ್ದನ್ನು ನೀವು ಓದಿ ಕಲಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಪೇಟೆಂಟು ಅಂದರೆ ಏನು?

ನೀವು ಹೊಸದಾಗಿ ಮಾಡಿದ ವಸ್ತುವನ್ನು ಅಥವಾ ತಯಾರಿಸುವ ವಿಧಾನವನ್ನು ನಿಮ್ಮ ಒಪ್ಪಿಗೆ ಇಲ್ಲದೆ ಬೇರೆಯವರು ತಯಾರಿಸುವಂತಿಲ್ಲ, ಬಳಸುವಂತಿಲ್ಲ, ಮಾರುವಂತಿಲ್ಲ ಎಂದು ಸರಕಾರ ಕೊಡುವ ಹಕ್ಕು. ನಮ್ಮ ದೇಶದಲ್ಲಿ ಇದಕ್ಕೆ 1970ರ ಪೇಟೆಂಟ್ ಕಾಯ್ದೆ ಇದೆ. ಹಕ್ಕಿನ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಆಮೇಲೆ ಅದು ಎಲ್ಲರ ಸೊತ್ತು. ಇದಕ್ಕೆ ಬದಲಾಗಿ ನೀವು ನಿಮ್ಮ ಗುಟ್ಟನ್ನು ಪೂರ್ತಿ ಬರೆದುಕೊಡಬೇಕು. ಇದು ಒಂದು ಲಾವಣಿ ಕರಾರು ಇದ್ದಂತೆ: ನೀವು ವಿದ್ಯೆ ಕೊಡುತ್ತೀರಿ, ಸರಕಾರ ಇಷ್ಟು ವರ್ಷದ ಹಕ್ಕು ಕೊಡುತ್ತದೆ.

ಬರೀ ತಲೆಯಲ್ಲಿರುವ ವಿಚಾರಕ್ಕೆ ಪೇಟೆಂಟು ಇಲ್ಲ. "ತಾಳು ಕಟ್ಟಿಕೊಳ್ಳದ ಕೂರಿಗೆ ಇದ್ದರೆ ಚೆನ್ನ" ಎಂಬುದು ಆಸೆ. ಹೇಗೆ ಕಟ್ಟಿಕೊಳ್ಳುವುದಿಲ್ಲ ಎಂಬುದನ್ನು, ಓದಿದ ಇನ್ನೊಬ್ಬ ಬಡಿಗ ಮಾಡಬಲ್ಲಷ್ಟು ಸ್ಪಷ್ಟವಾಗಿ ಹೇಳಿದರೆ ಅದು ಅರ್ಜಿಗೆ ಯೋಗ್ಯ.

ಮೂರು ಜರಡಿ

ಪೇಟೆಂಟ್ ಕಚೇರಿಯವರು ನಿಮ್ಮ ವಸ್ತುವನ್ನು ಮೂರು ಜರಡಿ ಹಿಡಿಯುತ್ತಾರೆ.

ಒಂದು, ಅದು ಹೊಸದಿರಬೇಕು. ನಮ್ಮೂರಿಗೆ ಹೊಸದಾದರೆ ಸಾಲದು. ಜಗತ್ತಿನಲ್ಲಿ ಎಲ್ಲಿಯೂ ಅದು ಮೊದಲೇ ಅಚ್ಚಾಗಿರಬಾರದು. ಜನರ ಎದುರು ಬಳಕೆಗೆ ಬಂದಿರಬಾರದು. ನೀವೇ ತೋರಿಸಿದ್ದರೂ ತೋರಿಸಿದ್ದೇ. ನಾನು ಬಿದ್ದದ್ದು ಈ ಜರಡಿಯಲ್ಲಿ. ಸರಕಾರ ಗೊತ್ತುಪಡಿಸಿದ ಕೆಲವು ಪ್ರದರ್ಶನಗಳಿಗೆ ಕಾನೂನಿನಲ್ಲಿ ಒಂದು ವರ್ಷದ ರಿಯಾಯಿತಿ ಇದೆ. ಆದರೆ ಊರ ಜಾತ್ರೆ, ಸಾಮಾನ್ಯ ಮೇಳಗಳಿಗೆ ಅದು ಸಿಗುತ್ತದೆಂದು ನಂಬಿ ಕೂಡಬಾರದು.

ಎರಡು, ಆ ಕಸುಬು ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದಾಗಿರಬಾರದು. ಮೂರು ತಾಳಿನ ಕೂರಿಗೆಯನ್ನು ನಾಲ್ಕು ತಾಳಿಗೆ ಏರಿಸಿದರೆ ಅದು ಹೊಸ ಶೋಧನೆ ಆಗದು. ಗೊತ್ತಿರುವ ಎರಡು ಸಾಮಾನುಗಳನ್ನು ಸುಮ್ಮನೆ ಜೋಡಿಸಿಟ್ಟು, ಒಂದೊಂದೂ ತನ್ನ ಹಳೇ ಕೆಲಸವನ್ನೇ ಮಾಡುತ್ತಿದ್ದರೂ ಆಗದು. ಜೋಡಿಸಿದ್ದರಿಂದ ಹೊಸ ಪರಿಣಾಮ ಬರಬೇಕು.

ಮೂರು, ಅದನ್ನು ತಯಾರಿಸಲು ಮತ್ತು ಬಳಸಲು ಆಗಬೇಕು. ಎಣ್ಣೆ, ಕರೆಂಟು ಯಾವುದೂ ಇಲ್ಲದೆ ತಾನೇ ತಿರುಗುತ್ತಲೇ ಇರುವ ಪಂಪು ಎಂದು ಬರೆದರೆ ವಾಪಸು ಬರುತ್ತದೆ. ಪ್ರಕೃತಿ ನಿಯಮಕ್ಕೆ ವಿರುದ್ಧವಾದುದಕ್ಕೆ ಪೇಟೆಂಟು ಇಲ್ಲ.

ರೈತರಿಗೆ ಯಾವುದಕ್ಕೆ ಸಿಗುವುದಿಲ್ಲ?

ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಕಾಯ್ದೆಯ 3ನೇ ಕಲಮಿನಲ್ಲಿ ಪಟ್ಟಿ ಇದೆ. ಬೇಸಾಯದ ಪದ್ಧತಿಗೆ ಪೇಟೆಂಟು ಇಲ್ಲ. ತೊಗರಿ ಸಾಲಿನ ನಡುವೆ ಸಜ್ಜೆ ಹಾಕುವ ಹೊಸ ಲೆಕ್ಕ ನೀವು ಕಂಡುಹಿಡಿದರೂ ಅದು ಎಲ್ಲರಿಗೂ ಸೇರಿದ್ದು. ಗಿಡ, ಪ್ರಾಣಿ, ಬೀಜ, ತಳಿಗಳಿಗೆ ಇಲ್ಲ. ಹಿರಿಯರಿಂದ ಬಂದ ತಿಳಿವಳಿಕೆಗೂ ಇಲ್ಲ. ಬೇವಿನ ಕಷಾಯ ನಮ್ಮಜ್ಜ ಹೊಡೆಯುತ್ತಿದ್ದ ಎಂದು ಅದನ್ನು ನನ್ನ ಹೆಸರಿಗೆ ಬರೆಸಿಕೊಳ್ಳುವಂತಿಲ್ಲ.

ಇದು ನಮಗೆ ಒಳ್ಳೆಯದೇ. ಅರಿಸಿನ ಗಾಯ ಮಾಯಿಸುತ್ತದೆ ಎಂಬುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟು ಕೊಟ್ಟುಬಿಟ್ಟಿದ್ದರು. ನಮ್ಮ ದೇಶದ ಸಿ.ಎಸ್.ಐ.ಆರ್. ಸಂಸ್ಥೆಯವರು ಹಳೆಯ ಬರಹಗಳನ್ನು ಸಾಕ್ಷಿ ಇಟ್ಟು ತಕರಾರು ಮಾಡಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಬೇವಿನ ಎಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ ಯುರೋಪಿನಲ್ಲಿ ಕೊಟ್ಟಿದ್ದ ಪೇಟೆಂಟು 2000ದಲ್ಲಿ ರದ್ದಾಗಿ, 2005ರಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಮಾನ ಉಳಿಯಿತು. ಬರೆದಿಟ್ಟದ್ದು ಕಾಯುತ್ತದೆ ಎಂಬುದಕ್ಕೆ ಇದು ಪಾಠ.

ಹಾಗಾದರೆ ತಳಿ ಆರಿಸಿ ಬೆಳೆಸಿದ ರೈತನ ಗತಿ ಏನು? ಅದಕ್ಕೆ ಬೇರೆ ಕಾಯ್ದೆ ಇದೆ: 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಇದರಲ್ಲಿ ರೈತ ತನ್ನ ತಳಿಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಬಹುದು. ರೈತರಿಗೆ ನೋಂದಣಿ ಶುಲ್ಕ ಇಲ್ಲ. ಹಕ್ಕು ಸಾಮಾನ್ಯ ಬೆಳೆಗೆ 15 ವರ್ಷ, ಮರ ಮತ್ತು ಬಳ್ಳಿಗೆ 18 ವರ್ಷ. ನಮ್ಮ ಅಂಗಡಿಗಳಲ್ಲಿ ಎಚ್‌ಎಂಟಿ ಅಕ್ಕಿ ಎಂದು ಕೇಳುತ್ತೇವಲ್ಲ, ಅದನ್ನು ಆರಿಸಿ ಬೆಳೆಸಿದವರು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಸಣ್ಣ ರೈತ ದಾದಾಜಿ ಖೋಬ್ರಾಗಡೆ. ಆಗ ಹೆಸರಾಗಿದ್ದ ಕೈಗಡಿಯಾರದ ಹೆಸರನ್ನೇ ಅದಕ್ಕೆ ಇಟ್ಟರು. ತಳಿ ಊರೂರು ಹಬ್ಬಿತು, ಅವರು ಬಡತನದಲ್ಲೇ ಉಳಿದರು, 2018ರಲ್ಲಿ ತೀರಿಕೊಂಡರು. ಅವರು ತಳಿ ಆರಿಸುವಾಗ ಈ ಕಾಯ್ದೆ ಇರಲಿಲ್ಲ. ಈಗ ಇದೆ. ಬಳಸಿಕೊಳ್ಳದಿದ್ದರೆ ತಪ್ಪು ನಮ್ಮದು.

ಒಂದು ಪ್ರದೇಶದ ಬೆಳೆಯ ಹೆಸರನ್ನು ಕಾಯುವುದಕ್ಕೆ ಭೌಗೋಳಿಕ ಗುರುತು ಬೇರೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಸಿಕ್ಕದ್ದು ಅದು. ಅದು ಒಬ್ಬರದಲ್ಲ, ಆ ಪ್ರದೇಶದ ಬೆಳೆಗಾರರೆಲ್ಲರದು. ಸಲಕರಣೆಯ ಆಕಾರ, ಅಂದಕ್ಕೆ ಮಾತ್ರ ರಕ್ಷಣೆ ಬೇಕಾದರೆ ಡಿಸೈನ್ ನೋಂದಣಿ ಇದೆ. ಅದು ಮೊದಲು 10 ವರ್ಷ, ಆಮೇಲೆ ಇನ್ನೂ 5 ವರ್ಷ. ನಮ್ಮ ಅರ್ಜಿ ಯಾವ ಕಚೇರಿಗೆ ಎಂಬುದು ಮೊದಲು ಗೊತ್ತಾಗಬೇಕು.

ಮೊದಲು ಹುಡುಕಿ

ಅರ್ಜಿಗೆ ಖರ್ಚು ಮಾಡುವ ಮುಂಚೆ, ಅಂಥದ್ದು ಮೊದಲೇ ಇದೆಯೋ ನೋಡಿ. ಪೇಟೆಂಟ್ ಕಚೇರಿಯ ಇಂಟರ್ನೆಟ್ ತಾಣದಲ್ಲಿ ಬಿಟ್ಟಿಯಾಗಿ ಹುಡುಕಬಹುದು. ಗೂಗಲ್ ಪೇಟೆಂಟ್ಸ್‌ನಲ್ಲಿ ಬೇರೆ ದೇಶದವೂ ಸಿಗುತ್ತವೆ. ಎಲ್ಲ ಇಂಗ್ಲಿಷಿನಲ್ಲಿ ಇರುವುದರಿಂದ ಕಾಲೇಜು ಓದುವ ಮಕ್ಕಳನ್ನು ಕೂರಿಸಿಕೊಳ್ಳಿ. ನಾನು ಏಳನೇ ಕ್ಲಾಸಿಗೆ ಓದು ಬಿಟ್ಟವನು, ಅಣ್ಣನ ಮಗಳು ಓದಿ ಹೇಳಿದಳು. ಚಿತ್ರ ನೋಡಿದರೆ ಅರ್ಧ ನಮಗೇ ತಿಳಿಯುತ್ತದೆ. ಹೀಗೆ ಹುಡುಕಿದಾಗ ಬೀಜ ತಾನೇ ಬೀಳುವ ಗಾಲಿ ಕೂರಿಗೆಗಳು ರಾಶಿ ಕಂಡವು. ನನ್ನದು ಎನ್ನುವುದು ಕೂರಿಗೆ ಅಲ್ಲ, ಗಾಲಿಯೂ ಅಲ್ಲ, ತಾಳಿನೊಳಗೆ ಆಡುವ ಆ ತಂತಿ ಮಾತ್ರ ಎಂದು ಅವತ್ತು ತಿಳಿಯಿತು.

ಅರ್ಜಿಯ ಹಾದಿ

ಪೇಟೆಂಟ್ ಕಚೇರಿಗಳು ಕೋಲ್ಕತ್ತ, ದೆಹಲಿ, ಮುಂಬಯಿ, ಚೆನ್ನೈಗಳಲ್ಲಿ ಇವೆ. ಕರ್ನಾಟಕದವರು ಚೆನ್ನೈ ಕಚೇರಿಗೆ ಸೇರುತ್ತೇವೆ. ಹೋಗಬೇಕಾಗಿಲ್ಲ, ಕಂಪ್ಯೂಟರಿನಲ್ಲೇ ಸಲ್ಲಿಸಬಹುದು. ಕಾಗದದಲ್ಲೂ ಕೊಡಬಹುದು, ಆದರೆ ಶುಲ್ಕ ಸುಮಾರು ನೂರಕ್ಕೆ ಹತ್ತು ಹೆಚ್ಚು. ಭಾಷೆ ಇಂಗ್ಲಿಷ್ ಅಥವಾ ಹಿಂದಿ. ಕನ್ನಡದಲ್ಲಿ ನಡೆಯುವುದಿಲ್ಲ, ಇದೇ ನಮಗೆ ದೊಡ್ಡ ಅಡ್ಡಗೋಡೆ.

ಫಾರಂ 1 ಅರ್ಜಿ. ಫಾರಂ 2 ವಿವರಣೆ. ಇದರಲ್ಲಿ ಎರಡು ಬಗೆ. ಸಲಕರಣೆ ಇನ್ನೂ ಪಕ್ಕಾ ಆಗಿಲ್ಲ, ಆದರೆ ಮೂಲ ಉಪಾಯ ಗಟ್ಟಿಯಾಗಿದೆ ಎಂದಾಗ ಪ್ರೊವಿಜನಲ್ ವಿವರಣೆ ಕೊಡಬಹುದು. ಕೊಟ್ಟ ದಿನದ ತಾರೀಖು ನಿಮ್ಮ ಹೆಸರಿಗೆ ಬೀಳುತ್ತದೆ. ಆಮೇಲೆ ಅದೇ ಸಲಕರಣೆಯನ್ನು ಬೇರೆಯವರು ತಂದರೂ ನೀವೇ ಮೊದಲಿಗರು. ಆದರೆ ತಾರೀಖು ಕಾಯುವುದು ಅದರಲ್ಲಿ ಬರೆದಷ್ಟನ್ನೇ. ಆದ್ದರಿಂದ ಎರಡು ಸಾಲು ಬರೆದು ಮುಗಿಸಬೇಡಿ, ಚಿತ್ರ ಹಾಕಿ ಬಿಡಿಸಿ ಬರೆಯಿರಿ. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಲೇಬೇಕು. ತಪ್ಪಿದರೆ ಅರ್ಜಿ ಬಿದ್ದುಹೋಗುತ್ತದೆ. ಒಂದು ಮುಂಗಾರು ಒಂದು ಹಿಂಗಾರು ಪ್ರಯೋಗ ಮಾಡಿ ತಿದ್ದಿಕೊಳ್ಳಲು ಆ 12 ತಿಂಗಳು ಸರಿಹೋಗುತ್ತದೆ.

ಪೂರ್ಣ ವಿವರಣೆಯ ಕೊನೆಗೆ ಕ್ಲೇಮು ಎಂಬ ಭಾಗ ಬರುತ್ತದೆ. ಪೇಟೆಂಟಿನ ಜೀವ ಇರುವುದು ಅಲ್ಲಿ. ಅದು ಹೊಲದ ಬದು ಇದ್ದಂತೆ: ಬದುವಿನ ಒಳಗೆ ನಿಮ್ಮದು, ಹೊರಗೆ ಊರಿನದು. ನಾನು "ಸೈಕಲ್ ಬ್ರೇಕ್ ವಾಯರ್" ಎಂದು ಬರೆದಿದ್ದರೆ ಇನ್ನೊಬ್ಬ ನೈಲಾನ್ ಹುರಿ ಹಾಕಿ ತಪ್ಪಿಸಿಕೊಳ್ಳುತ್ತಿದ್ದ. "ಬಾಗುವ ಎಳೆ" ಎಂದು ಬರೆದರೆ ಎರಡೂ ಒಳಗೆ ಬರುತ್ತವೆ. ಹಾಗೆಂದು ಬದುವನ್ನು ಊರಗಲ ಹಾಕಿದರೆ ಮೊದಲೇ ಇದ್ದ ಬೇರೆಯವರ ಸಲಕರಣೆ ಒಳಗೆ ಸೇರಿ ಅರ್ಜಿಯೇ ಬೀಳುತ್ತದೆ. ಈ ಒಂದು ಭಾಗಕ್ಕಾದರೂ ತಿಳಿದವರ ಸಹಾಯ ಬೇಕು.

ಅರ್ಜಿ ಹಾಕಿ 18 ತಿಂಗಳಿಗೆ ಅದು ಜರ್ನಲ್ಲಿನಲ್ಲಿ ಪ್ರಕಟವಾಗುತ್ತದೆ. ಬೇಗ ಬೇಕೆಂದರೆ ಫಾರಂ 9 ಕೊಡಬೇಕು. ಆದರೆ ಪರೀಕ್ಷೆ ತಾನಾಗಿ ನಡೆಯುವುದಿಲ್ಲ. ಫಾರಂ 18 ಕೊಟ್ಟು ಕೇಳಿಕೊಳ್ಳಬೇಕು. 2024ರ ಮಾರ್ಚಿನಲ್ಲಿ ನಿಯಮ ಬದಲಾದ ಮೇಲೆ ಹಾಕಿದ ಅರ್ಜಿಗಳಿಗೆ ಇದರ ಗಡುವು ಮೊದಲ ತಾರೀಖಿನಿಂದ 31 ತಿಂಗಳು. ಮೊದಲು 48 ಇತ್ತು. ಹಳೇ ಪುಸ್ತಕ ನೋಡಿ ಮೋಸ ಹೋಗಬೇಡಿ. ಪರೀಕ್ಷಕರು ತಕರಾರುಗಳ ಪಟ್ಟಿ ಕಳಿಸುತ್ತಾರೆ. ಅದು ಬಂದರೆ ಹೆದರಬಾರದು, ಹೆಚ್ಚಿನವರಿಗೆ ಬರುತ್ತದೆ. 6 ತಿಂಗಳೊಳಗೆ ಉತ್ತರ ಕೊಡಬೇಕು. ಉತ್ತರ ಸರಿ ಕಂಡರೆ ಪೇಟೆಂಟು. ಇದೆಲ್ಲಕ್ಕೂ ವರ್ಷಗಳೇ ಹಿಡಿಯುತ್ತವೆ. ಪೇಟೆಂಟು ಕೈಗೆ ಬರುವ ತನಕ "ಅರ್ಜಿ ಹಾಕಿದೆ" ಎಂದು ಬರೆಯಬಹುದು. "ಪೇಟೆಂಟ್ ಆಗಿದೆ" ಎಂದು ಬರೆದರೆ ಕಾನೂನು ಪ್ರಕಾರ ತಪ್ಪು.

ಹೆಸರು ಯಾರದು?

ಅರ್ಜಿಯಲ್ಲಿ ನಿಜವಾಗಿ ಶೋಧಿಸಿದವರ ಹೆಸರು ಬರೆಯಬೇಕು. ನೀವು ಹೇಳಿದಂತೆ ವೆಲ್ಡಿಂಗ್ ಮಾಡಿಕೊಟ್ಟವನು ಶೋಧಕ ಆಗುವುದಿಲ್ಲ, ಅವನಿಗೆ ಕೂಲಿ. ಆದರೆ ಮುಖ್ಯ ತೊಡಕು ಬಿಡಿಸಿದ್ದು ಅವನಾದರೆ ಅವನ ಹೆಸರೂ ಬರಬೇಕು. ಏಜೆಂಟರು ಇದನ್ನು ಹೇಳುವಾಗ ನನ್ನ ಪಕ್ಕದಲ್ಲಿ ಮನಿಯಾಕಿ ಕೂತಿದ್ದಳು. ಮೇಳದಲ್ಲಿ, ಪೇಪರಿನಲ್ಲಿ ಎಲ್ಲ ಕಡೆ ನನ್ನ ಹೆಸರೇ ಬಂದಿತ್ತು. ಬ್ರೇಕ್ ವಾಯರ್ ಮಾತು ಯಾರದು ಎಂದು ಆಕಿ ಕೇಳಲಿಲ್ಲ, ನನ್ನ ಮುಖ ನೋಡಿದಳು ಅಷ್ಟೆ. ವರ್ಕ್‌ಶಾಪಿನವರು ನನಗೆ ಮಾಡಿದ್ದನ್ನೇ ನಾನು ಮನೆಯಲ್ಲಿ ಮಾಡಿದ್ದೆ.

ಖರ್ಚಿನ ಲೆಕ್ಕ

ಒಬ್ಬ ವ್ಯಕ್ತಿ ಕಂಪ್ಯೂಟರಿನಲ್ಲಿ ಅರ್ಜಿ ಹಾಕಿದರೆ ಶುಲ್ಕ 1,600 ರೂಪಾಯಿ. ಇದು 30 ಪುಟ, 10 ಕ್ಲೇಮಿನ ತನಕ. ನಮ್ಮಂಥವರ ಸಲಕರಣೆಗೆ ಅಷ್ಟು ಸಾಕು. ಪರೀಕ್ಷೆಗೆ 4,000. ಬೇಗ ಪ್ರಕಟಣೆ ಬೇಕಾದರೆ 2,500. ಅಂದರೆ ಸರಕಾರಿ ಶುಲ್ಕ ಕಡ್ಡಾಯ 5,600. ಏಜೆಂಟರ ಫೀ ಬೇರೆ, ಅದು ಇದಕ್ಕಿಂತ ಬಹಳ ಹೆಚ್ಚಾಗಬಹುದು. ಮೊದಲೇ ಮಾತಾಡಿ ಬರೆಸಿಕೊಳ್ಳಿ.

ಪೇಟೆಂಟು ಸಿಕ್ಕ ಮೇಲೂ ಮೂರನೇ ವರ್ಷದ ಲೆಕ್ಕದಿಂದ ನವೀಕರಣ ಇದೆ: 3ರಿಂದ 6ನೇ ವರ್ಷಕ್ಕೆ ವರ್ಷಕ್ಕೆ 800, 7ರಿಂದ 10ಕ್ಕೆ 2,400, 11ರಿಂದ 15ಕ್ಕೆ 4,800, 16ರಿಂದ 20ಕ್ಕೆ 8,000. ಪೂರ್ತಿ 20 ವರ್ಷ ಕಾಯ್ದರೆ ನವೀಕರಣಕ್ಕೇ 76,800 ರೂಪಾಯಿ. ಕಟ್ಟದಿದ್ದರೆ ಹಕ್ಕು ಹೋಗುತ್ತದೆ. ಆದರೆ ಸಲಕರಣೆ ಮಾರಾಟವಾಗದಿದ್ದರೆ ನಡುವೆ ನಿಲ್ಲಿಸಲು ಅಡ್ಡಿಯಿಲ್ಲ.

ಇನ್ನೊಂದು ಮಾತು. ಯಾರಾದರೂ ನಕಲು ಮಾಡಿದರೆ ಪೊಲೀಸರು ಬಂದು ಹಿಡಿಯುವುದಿಲ್ಲ. ನೀವೇ ಕೋರ್ಟಿಗೆ ಹೋಗಬೇಕು. ಪೇಟೆಂಟು ಭಾರತದ ಒಳಗೆ ಮಾತ್ರ ನಡೆಯುತ್ತದೆ. ಆದ್ದರಿಂದ ಹತ್ತು ಜನ ಕೊಳ್ಳುವ ವಸ್ತುವಿಗೆ ಇದು ಬೇಡ. ಸಾವಿರಾರು ಜನ ಕೊಳ್ಳಬಹುದಾದ, ನೋಡಿದ ಕೂಡಲೇ ನಕಲು ಮಾಡಬಹುದಾದ ವಸ್ತುವಿಗೆ ಬೇಕು.

ಸಹಾಯ ಎಲ್ಲಿ?

ನ್ಯಾಷನಲ್ ಇನ್ನೋವೇಶನ್ ಫೌಂಡೇಶನ್ ಎಂಬ ಕೇಂದ್ರ ಸರಕಾರದ ನೆರವಿನ ಸಂಸ್ಥೆ 2000ದಲ್ಲಿ ಶುರುವಾಯಿತು. ಗುಜರಾತಿನ ಗಾಂಧಿನಗರದ ಹತ್ತಿರ ಇದೆ. ಓದದ, ಕಡಿಮೆ ಓದಿದ ರೈತರು ಮತ್ತು ಕುಶಲಕರ್ಮಿಗಳ ಶೋಧನೆಗಳನ್ನು ಆರಿಸಿ, ಅವರ ಹೆಸರಿನಲ್ಲೇ ಪೇಟೆಂಟ್ ಅರ್ಜಿ ಹಾಕಿಸುತ್ತದೆ. ಪ್ರೊಫೆಸರ್ ಅನಿಲ್ ಗುಪ್ತಾ ಅವರ ಹನಿ ಬೀ ಬಳಗ ಇದರ ಬೇರು. ಬೆಂಗಳೂರಿನಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರ ಇದೆ. ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ. ಅಲ್ಲಿನ ಕೃಷಿ ಎಂಜಿನಿಯರಿಂಗ್ ಓದಿದವರನ್ನು ಮಾತಾಡಿಸಬಹುದು.

ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖಭಾಯಿ ಜಗಾನಿ ಎತ್ತು ಸಾಕಲಾಗದ ರೈತರಿಗಾಗಿ ಬುಲೆಟ್ ಮೋಟಾರ್ ಸೈಕಲ್ಲಿಗೆ ಕುಂಟೆ ಕೂರಿಗೆ ಜೋಡಿಸುವ ಸಲಕರಣೆ ಮಾಡಿದರು. ಅದಕ್ಕೆ 2005ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು. ಅದೇ ರಾಜ್ಯದ ಮನ್ಸುಖಭಾಯಿ ಪಟೇಲ್ ಎಂಬ ಇನ್ನೊಬ್ಬರು ಪೂರ್ತಿ ಬಿರಿಯದ ಹತ್ತಿಕಾಯಿಂದ ಹತ್ತಿ ಬಿಡಿಸುವ ಯಂತ್ರ ಮಾಡಿದರು. ಅದಕ್ಕೆ 2003ರಲ್ಲಿ ಅಲ್ಲಿನ ಪೇಟೆಂಟು ಬಂತು. ಇಬ್ಬರೂ ಒಣಭೂಮಿ ಸೀಮೆಯವರು, ನಮ್ಮ ಹಾಗೆ. ಹನಿ ಬೀ ಬಳಗದವರ ನಿಲುವು ನನಗೆ ಹಿಡಿಸಿತು: ರೈತ ರೈತನನ್ನು ನೋಡಿ ತನಗಾಗಿ ಮಾಡಿಕೊಂಡರೆ ಮಾಡಿಕೊಳ್ಳಲಿ, ಕಂಪನಿ ಮಾಡಿ ಮಾರುವುದಾದರೆ ಶೋಧಕನಿಗೆ ಪಾಲು ಕೊಡಲಿ. ಪೇಟೆಂಟು ಅಂದರೆ ನೆರೆಯವನಿಗೆ ಬಾಗಿಲು ಹಾಕುವುದಲ್ಲ.

ನಮ್ಮ ಕಡೆಯೇ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಬೀಜ ಗೊಬ್ಬರ ಒಟ್ಟಿಗೆ ಬೀಳುವ ಕೂರಿಗೆ ಮುಂತಾದುವನ್ನು ಮಾಡಿ 2022ರಲ್ಲಿ ಪದ್ಮಶ್ರೀ ಪಡೆದರು. ಅವರನ್ನು ರೈತರು ನೆನೆಯುವುದು ಹೊಲದಲ್ಲಿ ಓಡಿದ ಕೂರಿಗೆಯಿಂದ. ಕಾಗದ ಎಷ್ಟೇ ಗಟ್ಟಿಯಿದ್ದರೂ ಸಲಕರಣೆ ಓಡದಿದ್ದರೆ ಕಾಸು ಬಾರದು.

ನನಗೆ ಉಳಿದದ್ದು

ನನ್ನ ಕೂರಿಗೆಯ ಹಕ್ಕು ಹೋಯಿತು. ಒಂದು ಸಮಾಧಾನ ಏಜೆಂಟರೇ ಹೇಳಿದರು. ಮೇಳ ಮತ್ತು ಪೇಪರಿನಿಂದಾಗಿ ಅದು ಎಲ್ಲರದಾಯಿತು, ಆದ್ದರಿಂದ ಆ ವರ್ಕ್‌ಶಾಪಿನವರೂ ಅದಕ್ಕೆ ಪೇಟೆಂಟು ಪಡೆಯಲು ಬರುವುದಿಲ್ಲ. ಅವರು ಅರ್ಜಿ ಹಾಕಿದರೆ ಆ ಪೇಪರಿನ ತುಂಡು ಇಟ್ಟು ಯಾರು ಬೇಕಾದರೂ ತಕರಾರು ಮಾಡಬಹುದು. ಅದನ್ನು ಹಿಟ್ಟಿನ ಡಬ್ಬಿಯ ಮೇಲಿಂದ ತೆಗೆದು ಪ್ಲಾಸ್ಟಿಕ್ಕಿನಲ್ಲಿ ಹಾಕಿಟ್ಟಿದ್ದೇನೆ. ಯಾರಿಗಾದರೂ ತಾಳು ಕಟ್ಟಿಕೊಳ್ಳುವ ತೊಂದರೆ ಇದ್ದರೆ ಮೇಲೆ ಬರೆದಂತೆ ಧಾರಾಳವಾಗಿ ಮಾಡಿಕೊಳ್ಳಿ. ಗಾಲಿ ಸಣ್ಣದಿರಲಿ, ತಂತಿಯ ತುದಿ ತಾಳಿನ ಬಾಯಿಂದ ಹೊರಗೆ ಬರದಿರಲಿ.

ಈ ವರ್ಷ ಇನ್ನೊಂದು ಸಲಕರಣೆ ಮಾಡಿದ್ದೇವೆ. ಹತ್ತಿಗೆ ಸಂಬಂಧಪಟ್ಟದ್ದು ಎಂದಷ್ಟೇ ಹೇಳುತ್ತೇನೆ. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಬರೆದರೂ ನಾನು ಹೇಳಿದ ಪಾಠವನ್ನು ನಾನೇ ಮುರಿದಂತಾಗುತ್ತದೆ. ಪ್ರಯೋಗವನ್ನು ರಸ್ತೆ ಬದಿಯ ಹೊಲದಲ್ಲಿ ಮಾಡಲಿಲ್ಲ, ಹಿಂದಿನ ಹೊಲದಲ್ಲಿ ಮಾಡಿದೆವು. ವೆಲ್ಡಿಂಗ್ ಮಾಡಿದವನಿಂದ ಯಾರಿಗೂ ತೋರಿಸುವುದಿಲ್ಲ ಎಂದು ಬರೆಸಿ ಸಹಿ ಹಾಕಿಸಿಕೊಂಡೆ. ದಿನ ದಿನದ ಚಿತ್ರ, ಅಳತೆ, ತಾರೀಖು ಒಂದು ನೋಟ್‌ಬುಕ್ಕಿನಲ್ಲಿ ಇವೆ. ಪ್ರೊವಿಜನಲ್ ಅರ್ಜಿ ಬರೆದಾಗಿದೆ. ಅಣ್ಣನ ಮಗಳು ರಜೆಗೆ ಬಂದಾಗ ಕಂಪ್ಯೂಟರಿನಲ್ಲಿ ಹಾಕುವುದು ಬಾಕಿ. 1,600 ರೂಪಾಯಿ ತೆಗೆದಿಟ್ಟಿದ್ದೇನೆ. ಶೋಧಕರು ಎಂಬಲ್ಲಿ ಎರಡು ಹೆಸರು ಬರೆಸಿದ್ದೇನೆ, ಮೊದಲನೆಯದು ಮನಿಯಾಕಿಯದು. ಅರ್ಜಿ ನಂಬರು ಕೈಗೆ ಬಂದ ಮೇಲೆ ಇದೇ ಪತ್ರಿಕೆಯಲ್ಲಿ ಫೋಟೋ ಸಮೇತ ಬರೆಯುತ್ತೇನೆ.